ಬದುಕಿದ್ದಾಗಿನ ಬಣ್ಣ

ಮುಚ್ಚಳ ತಿರುವಿದರೆ ವಾಸನೆ ಮೊದಲು ಕಣ್ಣಿಗೆ ಬರುತ್ತದೆ,
ಆಮೇಲೆ ಮೂಗಿಗೆ.
ಹಾಸನದ ಕಾಲೇಜಿನ ಹಿಂದಿನ ಕೋಣೆ,
ಉರಿಯಲೋ ಬೇಡವೋ ಎನ್ನುವ ಟ್ಯೂಬ್‌ಲೈಟು.
ಇಕ್ಕಳದಲ್ಲಿ ಎತ್ತಿ ಪಿಂಗಾಣಿ ತಟ್ಟೆಯಲ್ಲಿ ಮಲಗಿಸಿದೆ:
ಬೆರಳುದ್ದದ ಕಲ್ಕೊರವ,
ಎಡ ಮಗ್ಗುಲು ಮೇಲೆ. ಮೀನಿನ ಶಾಸ್ತ್ರದಲ್ಲಿ
ಎಲ್ಲರೂ ಎಡಕ್ಕೇ ನೋಡಬೇಕು.

ದಾರದಲ್ಲಿ ಕಟ್ಟಿದ ಚೀಟಿ, ಪೆನ್ಸಿಲ್ ಬರಹ.
ಮಸಿಯಾಗಿದ್ದರೆ ಎಂದೋ ಕರಗಿರುತ್ತಿತ್ತು.
"ಹೇಮಾವತಿ. ಕಡವಿನಕೊಪ್ಪಲು. 12-2-61.
ನೀರು ಮೊಣಕಾಲುದ್ದ."
ಹಿಡಿದವರ ಹೆಸರಿಲ್ಲ. ಮೊಣಕಾಲು ಯಾರದೋ.
ಆ ಕೊಪ್ಪಲಿನ ಮೇಲೆ ಈಗ ಗೊರೂರಿನ ಹಿನ್ನೀರು
ಎಷ್ಟು ಆಳುದ್ದವೋ.

ಎಣಿಸುತ್ತೇನೆ.
ಸೂಜಿಮೊನೆಯಲ್ಲಿ ಒಂದೊಂದೇ ಹುರುಪೆ ಮೀಟಿ,
ಕಿವಿರಿನ ಅಂಚಿನಿಂದ ಬಾಲದ ಬುಡಕ್ಕೆ
ಹೊಲಿಗೆ ಹಾಕಿದಂತೆ ಹೋಗುವ ಗೆರೆ.
ಮೂವತ್ತಮೂರು. ಮತ್ತೆ ಎಣಿಸಿದರೆ ಮೂವತ್ತನಾಲ್ಕು.
ಒಂದು ಉದುರಿತ್ತು; ಉದುರಿದ ಗುಂಡಿಯನ್ನೂ ಸೇರಿಸಬೇಕು,
ಇಲ್ಲಿ ಇಲ್ಲದ್ದಕ್ಕೂ ಲೆಕ್ಕವಿದೆ.
ಮೀಸೆ ಎರಡು ಜೊತೆ. ಮೂತಿಯ ಮೇಲೆ ಬೆವರುಸಾಲೆಯಂಥ ಗುಳ್ಳೆ.
ಗದ್ದದಡಿ ಅಂಗಿಗುಂಡಿಯಷ್ಟು ಅಂಟುತಟ್ಟೆ,
ಹೊಳೆ ಎಳೆದಾಗ ಕಲ್ಲು ಕಚ್ಚಿಕೊಳ್ಳಲು.
ಜಾಡಿಯಿಂದ ಎತ್ತುವಾಗ ತುಸು ತಡೆಯಿತು ಅನಿಸಿದ್ದು
ನನ್ನ ಭ್ರಮೆಯೇ ಇರಬೇಕು.

ಗುರುತಿನ ಪಟ್ಟಿ ಹೇಳುತ್ತದೆ:
ತಟ್ಟೆ ಇದ್ದರೆ ನಾಲ್ಕಕ್ಕೆ ಹೋಗಿ, ಇಲ್ಲದಿದ್ದರೆ ಒಂಬತ್ತಕ್ಕೆ.
ನಾಲ್ಕಕ್ಕೆ ಹೋದೆ. ಅಲ್ಲಿಂದ ಏಳಕ್ಕೆ.
ಏಳರಲ್ಲಿ ಎರಡು ದಾರಿ, ಎರಡೂ ನನ್ನ ಮೀನಿನದಲ್ಲ.
ಬೇಲೂರಿನ ಕೊನೆ ಬಸ್ಸು ತಪ್ಪಿದವಳ ಹಾಗೆ ನಿಂತೆ,
ಒಳಗೊಳಗೇ ಖುಷಿಯಾಗಿ.
"ಹೊಟ್ಟೆಯಿಂದ ಬಾಲದ ತನಕ ಜೇನಿನ ಛಾಯೆ;
ಸೋದರ ಜಾತಿಗಳಲ್ಲಿ ಕಾಣದ ಲಕ್ಷಣ"
ಎಂದು ಬರೆದು ಅಡಿಗೆರೆ ಎಳೆದೆ.

ಅಟೆಂಡರ್ ದಸ್ತಗೀರ್ ಸಾಬರು ಬಾಗಿಲಲ್ಲೇ ಇದ್ದರು.
"ಮೇಡಂ, ಆ ಬಣ್ಣ ಮೀನಿಂದಲ್ಲ.
ತೊಂಬತ್ತೇಳರಲ್ಲಿ ಗ್ರ್ಯಾಂಟು ಬರಲಿಲ್ಲ,
ಜಾಡಿ ಅರ್ಧಕ್ಕಿಳಿದಿತ್ತು, ಬೆನ್ನು ಒಣಗ್ತಿತ್ತು.
ಪೆನ್ಷನ್ ಮೊಹಲ್ಲಾದಲ್ಲಿ ನಮ್ಮ ಭಾವನ ಪಾಲಿಶ್ ಅಂಗಡಿ,
ಅಲ್ಲಿಂದ ಸ್ಪಿರಿಟ್ ತಂದು ಸುರಿದೆ.
ಅರಗು ಬೆರೆತಿದ್ದು ನೋಡಲಿಲ್ಲ."

ಬಾಗಿಲಿಗೆ, ಮಂಚಕ್ಕೆ, ತೊಟ್ಟಿಲಿಗೆ ಬಳಿಯುವ ಬಣ್ಣ!
ಸಾಲು ಹೊಡೆದುಹಾಕಿದೆ, ಅಡಿಗೆರೆ ಸಮೇತ.
ನೀವು ಸುರಿಯದಿದ್ದರೆ ಎಣಿಸಲು ಹುರುಪೆಯೇ ಉಳಿಯುತ್ತಿರಲಿಲ್ಲ
ಎಂದು ಹೇಳಬೇಕಿತ್ತು.
ಟೀ ತರಿಸಿದೆ.

ಭಾನುವಾರ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಜವನಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ.
ಅವಳ ವಿಂಗಡಣೆ ಬೇರೆ:
ಕಲ್ಲಿಗಂಟೋವು, ಕೆಸರಿಗಿಳಿಯೋವು,
ಬಾಣಂತಿಗೆ ಆಗೋವು,
ಗಿರಾಕಿ ಕೇಳಿದರೂ ಕೊಡದೆ ಮನೆಗೊಯ್ಯೋವು.
ಕತ್ತಿ ಪಕ್ಕಕ್ಕಿಟ್ಟು, ಕೈ ಸೆರಗಿಗೆ ಒರೆಸಿ, ಹಿಗ್ಗಿಸಿ ನೋಡಿದಳು.
"ಇದಾ? ಕಲ್ಲೆತ್ತಿದ್ರೆ ಬಾಲದ ಬುಡ ಕೆಂಡದಂಗೆ...
ಅಲ್ಲ, ನೀರಲ್ಲಿ ಕೆಂಡ ಎಲ್ಲಿಂದ ಬರುತ್ತೆ.
ಹುಣಸೆ ಚಿಗುರು ಥರ ಅನ್ನು.
ಹೊರಗೆ ತೆಗೆದ ಮೇಲೆ ಎರಡುಸಿರು ಅಷ್ಟೆ,
ಬಣ್ಣ ಮೊದಲು ಸಾಯ್ತಿತ್ತು, ಆಮೇಲೆ ಮೀನು."
ಈಗ?
"ಈಗ ಎಲ್ಲಿ ಕಲ್ಲು?" ಎಂದು
ಜಿಲೇಬಿ ಮೀನಿನ ತಲೆ ಕತ್ತರಿಸಿದಳು.

ಜವನಮ್ಮನ ಕಣ್ಣಿಗೆ ನೋಂದಣಿ ಸಂಖ್ಯೆ ಇಲ್ಲ.
ಪ್ರಬಂಧದಲ್ಲಿ ಬರೆದದ್ದು ಇಷ್ಟು:
ಬದುಕಿದ್ದಾಗಿನ ಬಣ್ಣ, ತಿಳಿದಿಲ್ಲ.
ಹೆಸರೂ ಇನ್ನೂ ಇಟ್ಟಿಲ್ಲ. ಕೋಲ್ಕತ್ತಾದ ಯಾವುದೋ ಜಾಡಿಯಲ್ಲಿ
ಇದರ ಅಣ್ಣನೊಬ್ಬ ಇರಬಹುದಂತೆ,
ಅವನ ಹುರುಪೆಯನ್ನೂ ಎಣಿಸಿ ಬರಬೇಕು.

ಆದರೆ ಸಂಜೆ, ಬೀಗ ಹಾಕುವ ಮುಂಚೆ,
ಇನ್ನೊಂದು ಚೀಟಿ ಕತ್ತರಿಸಿ
"ಹುಣಸೆ ಚಿಗುರು. ಹೇಳಿದವರು: ಜವನಮ್ಮ"
ಎಂದು ಪೆನ್ಸಿಲ್ಲಿನಲ್ಲೇ ಬರೆದೆ.
ದಸ್ತಗೀರ್ ಸಾಬರು ಮೀನನ್ನು ಇಳಿಸಿ, ಚೀಟಿ ಇಳಿಸಿ,
ಕತ್ತಿನವರೆಗೆ ಸ್ಪಿರಿಟ್ ತುಂಬಿ,
ಮುಚ್ಚಳ ಬಿಗಿದು, ಜೇಬಿನಿಂದ ಕಾಗದ ತೆಗೆದರು:
"ಹೊಸದು ಮೇಡಂ. ಬೇಕಾದರೆ ಬಿಲ್ ನೋಡಿ."